ಬಸಿರಿಯ ವಾಕರಿಕೆಗೆ ಶುಂಠಿ, ಹುಳಿ, ಅರಳು

ಮೂತ್ರ ಪರೀಕ್ಷೆಯ ಕಿಟ್, ಸ್ಕ್ಯಾನಿಂಗ್ ಯಾವುದೂ ಇಲ್ಲದ ಕಾಲದಲ್ಲಿ ಬಸಿರು ನಿಂತದ್ದನ್ನು ತಿಳಿಯುತ್ತಿದ್ದುದು ಹೇಗೆ? ಚರಕ ಸಂಹಿತೆಯ ಶಾರೀರಸ್ಥಾನ ಕೆಲವು ಲಕ್ಷಣಗಳನ್ನು ಪಟ್ಟಿ ಮಾಡಿದೆ: ಮುಟ್ಟು ನಿಲ್ಲುವುದು, ಬಾಯಲ್ಲಿ ನೀರೂರುವುದು, ಅನ್ನ ಬೇಡವಾಗುವುದು, ವಾಂತಿ, ಅರುಚಿ, ಹುಳಿಯ ಮೇಲೆ ವಿಶೇಷ ಆಸೆ. ಈ ಪಟ್ಟಿಯನ್ನು ಇವತ್ತಿನ ಯಾವ ಅಜ್ಜಿಯ ಮುಂದೆ ಓದಿದರೂ ಹೌದೆಂದು ತಲೆಯಾಡಿಸುತ್ತಾರೆ.

ಕ್ರಿ.ಶ. ಎರಡನೆಯ ಶತಮಾನದಲ್ಲಿ ರೋಮ್ ನಗರದಲ್ಲಿ ವೈದ್ಯನಾಗಿದ್ದ ಎಫೆಸಸ್‌ನ ಸೊರೇನಸ್ ಕೂಡ ಸ್ತ್ರೀರೋಗಗಳ ಕುರಿತ ತನ್ನ ಗ್ರಂಥದಲ್ಲಿ ಇದನ್ನೇ ಬರೆದ. ಬಸಿರಾದ ಸುಮಾರು 40ನೆಯ ದಿನಕ್ಕೆ ಹೊಟ್ಟೆ ತೊಳಸುವುದು ಶುರುವಾಗುತ್ತದೆ. ಮಣ್ಣು, ಇದ್ದಿಲು, ಬಲಿಯದ ಹುಳಿಹಣ್ಣು ತಿನ್ನುವ ಆಸೆ ಹುಟ್ಟುತ್ತದೆ ಎಂದ. ಅವನು ಹೇಳಿದ ಪಥ್ಯ ಸರಳವಾದದ್ದು: ಹೊಟ್ಟೆಗೆ ಭಾರವಾಗದ ಗಂಜಿ, ಅರೆಬೆಂದ ಮೊಟ್ಟೆ, ತಣ್ಣೀರು, ಮೈ ನೀವುವುದು. ಬಯಕೆಯ ವಿಷಯದಲ್ಲಿ ಮಾತ್ರ ಅವನು ಬಿಗಿ. ಹಾನಿಕರವಾದದ್ದನ್ನು ಕೇಳಿದರೆ ಮೊದಲು ಬುದ್ಧಿ ಹೇಳಬೇಕು, ಕೇಳದೆ ಹೋದರೆ ಮಾತ್ರ ಸ್ವಲ್ಪ ಕೊಡಬೇಕು ಎಂಬುದು ಅವನ ನಿಲುವು. ಚರಕ ಸಂಹಿತೆ ಇನ್ನಷ್ಟು ಮೃದು. ಆಸೆ ತೀವ್ರವಾಗಿದ್ದರೆ ಅಹಿತವಾದದ್ದನ್ನೂ ಹಿತವಾದದ್ದರ ಜೊತೆ ಬೆರೆಸಿ ಕೊಡಿ ಎನ್ನುತ್ತದೆ. ಬಸಿರಿಯ ದೇಹದಲ್ಲಿ ತಾಯಿಯದೊಂದು, ಮಗುವಿನದೊಂದು, ಹೀಗೆ ಎರಡು ಹೃದಯ ಮಿಡಿಯುತ್ತವೆ, ಆದ್ದರಿಂದ ಅವಳ ಬಯಕೆ ಮಗುವಿನ ಬಯಕೆಯೂ ಹೌದು ಎಂಬ ನಂಬಿಕೆ ಆಯುರ್ವೇದದಲ್ಲಿ ಗಟ್ಟಿಯಾಗಿತ್ತು.

ಮಣ್ಣಿನ ಆಸೆಯಂತೂ ಕಾವ್ಯವನ್ನೂ ಹೊಕ್ಕಿತು. ಕಾಳಿದಾಸನ ರಘುವಂಶದಲ್ಲಿ ಬಸಿರಿ ಸುದಕ್ಷಿಣೆಯ ಬಾಯಲ್ಲಿ ಮಣ್ಣಿನ ಕಂಪು. ನಮ್ಮ ಹಳ್ಳಿಗಳಲ್ಲೂ ಕೆಮ್ಮಣ್ಣು, ಸೀಮೆಸುಣ್ಣವನ್ನು ಕದ್ದು ತಿನ್ನುವ ಬಸಿರಿಯರು ಹೊಸಬರಲ್ಲ. ಇಂಥ ಆಸೆ ಎಷ್ಟೋ ಸಲ ಕಬ್ಬಿಣದ ಅಂಶದ ಕೊರತೆಯ ಗುರುತು. ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆ, ಸೀಸ ಇರಬಹುದಾದ್ದರಿಂದ ವೈದ್ಯರು ಅದನ್ನು ಬೇಡವೆನ್ನುತ್ತಾರೆ.

ವಾಂತಿ ನಿಲ್ಲಿಸಲು ಹಳಬರು ಕೈಹಾಕಿದ್ದು ಅಡುಗೆಮನೆಯ ಡಬ್ಬಿಗಳಿಗೇ. ಭತ್ತ ಹುರಿದ ಅರಳು ಆಯುರ್ವೇದದಲ್ಲಿ ವಾಂತಿಗೆ ಹೆಸರಾದ ಪಥ್ಯ. ಕೊತ್ತಂಬರಿ ಬೀಜ ಅರೆದು, ಅಕ್ಕಿ ತೊಳೆದ ನೀರಿನಲ್ಲಿ ಕದಡಿ, ಸಕ್ಕರೆ ಸೇರಿಸಿ ಬಸಿರಿಗೆ ಕುಡಿಸುವ ಮದ್ದು ನಂತರದ ಗ್ರಂಥಗಳಲ್ಲಿದೆ. ಶುಂಠಿಯ ಕಥೆ ಇನ್ನೂ ದೂರ ಹೋಗುತ್ತದೆ. ಮೊದಲನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಅದನ್ನು ಹೊಟ್ಟೆಗೆ ಒಳ್ಳೆಯದು, ಜೀರ್ಣಕಾರಿ ಎಂದ. ಚೀನಾದಲ್ಲಿ ಮೂರನೆಯ ಶತಮಾನದ ಆರಂಭದ ಹೊತ್ತಿಗೆ ವೈದ್ಯ ಜಾಂಗ್ ಜೋಂಗ್‌ಜಿಂಗ್ ನಿಲ್ಲದ ಬಸಿರು ವಾಂತಿಗೆ ಒಣಶುಂಠಿ, ಜಿನ್‌ಸೆಂಗ್ ಮತ್ತು ಇನ್ನೊಂದು ಗೆಡ್ಡೆ ಸೇರಿಸಿದ ಗುಳಿಗೆಯನ್ನು ಹೇಳಿದ. ಆ ಗುಳಿಗೆ ಕಟ್ಟಲೂ ಹಸಿಶುಂಠಿಯ ರಸ ಬೇಕಿತ್ತು.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದೇ ಶುಂಠಿ ತಂಬುಳಿಯಾಗುತ್ತದೆ. ಸಿಪ್ಪೆ ಹೆರೆದ ಹಸಿಶುಂಠಿಯ ತುಂಡನ್ನು ಜೀರಿಗೆಯೊಂದಿಗೆ ತುಪ್ಪದಲ್ಲಿ ಬಾಡಿಸಿ, ಹಿಡಿ ತೆಂಗಿನತುರಿಯ ಜೊತೆ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ಮುಗಿಯಿತು. ಕುದಿಸುವ ಗೋಜಿಲ್ಲ. ಕುದಿಯುವ ಸಾರಿನ, ಸಿಡಿಯುವ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುವವಳಿಗೆ ತಣ್ಣನೆಯ ತಂಬುಳಿ ಅನ್ನ ಇಳಿಯುವುದು ಅದಕ್ಕೇ. ಅಪ್ಪೆಮಿಡಿ ಉಪ್ಪಿನಕಾಯಿಯ ಚೂರು, ಹೇರಳೆಕಾಯಿ, ಪುನರ್ಪುಳಿ ಪಾನಕ, ನಿಂಬೆಹಣ್ಣಿನ ಷರಬತ್ತು ಇವೆಲ್ಲ ಹುಳಿಯ ಆಸೆಯನ್ನು ತೀರಿಸುತ್ತ ಬಾಯಿಯ ಕೆಟ್ಟ ರುಚಿಯನ್ನು ಕಳೆಯುತ್ತಿದ್ದವು. ಹಾಸಿಗೆಯಿಂದ ಏಳುವ ಮೊದಲೇ ಒಂದು ಹಿಡಿ ಅರಳೋ ಮಂಡಕ್ಕಿಯೋ ತಿನ್ನುವ ಉಪಾಯದ ಹಿಂದೆಯೂ ಅನುಭವವಿದೆ. ಹೊಟ್ಟೆ ಖಾಲಿ ಇದ್ದಷ್ಟೂ ವಾಕರಿಕೆ ಹೆಚ್ಚು.

ಬಯಕೆ ತೀರಿಸುವುದು ಊರ ಹಬ್ಬವೂ ಆಯಿತು. ಕರಾವಳಿಯಲ್ಲಿ ಬಯಕೆ, ಉತ್ತರ ಕರ್ನಾಟಕದಲ್ಲಿ ಕುಬಸ, ಹಳೆ ಮೈಸೂರಿನ ಕಡೆ ಸೀಮಂತ. ತಿಂಗಳಿಗೊಂದು ತಿನಿಸನ್ನು ಬಯಸುವ ಬಸಿರಿಯ ಹಾಡುಗಳು ನಮ್ಮ ಜನಪದದಲ್ಲಿ ಎಷ್ಟೋ ಇವೆ. ಗಂಡನ ಮನೆಯಲ್ಲಿ ಇದು ಬೇಕು ಎಂದು ಬಾಯಿಬಿಡಲು ಅಂಜುವ ಹೆಣ್ಣಿಗೆ ಅದು ಕೇಳುವ ಹಕ್ಕು ಕೊಟ್ಟಿತು.

ಆದರೆ ಎಲ್ಲ ವಾಂತಿಯೂ ತಂಬುಳಿಗೆ ಬಗ್ಗುವುದಿಲ್ಲ. 'ಜೇನ್ ಐರ್' ಬರೆದ ಷಾರ್ಲೆಟ್ ಬ್ರಾಂಟೆ ಮದುವೆಯಾದ ವರ್ಷದೊಳಗೇ, 1855ರ ಮಾರ್ಚ್ 31ರಂದು, ಬಸಿರಿಯಾಗಿದ್ದಾಗ ತೀರಿಕೊಂಡಳು. ವಯಸ್ಸು 38. ಮರಣಪತ್ರದಲ್ಲಿ ಕ್ಷಯವೆಂದಿದೆ; ಕೊನೆಯ ಪತ್ರಗಳಲ್ಲಿ ಮಾತ್ರ ಬಿಡದ ವಾಕರಿಕೆ, ವಾಂತಿಯ ಸಂಕಟ ತುಂಬಿದೆ. ಅತಿಯಾದ ಬಸಿರು ವಾಂತಿಯೇ ಅವಳ ಜೀವ ತೆಗೆಯಿತೆಂದು ಹಲವರು ನಂಬುತ್ತಾರೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಪಾಶ್ಚಾತ್ಯ ವೈದ್ಯರಲ್ಲಿ ಕೆಲವರು ಹೆಣ್ಣಿಗೇ ತಪ್ಪು ಹೊರಿಸಿದರು. ಮನಸ್ಸಿನಲ್ಲಿ ಮಗು ಬೇಡವಾಗಿದೆ, ಅದಕ್ಕೇ ವಾಂತಿ ಎಂದರು. 1930ರ ದಶಕದಲ್ಲಿ ಅಂಥ ರೋಗಿಗೆ ವಾಂತಿಯ ಬಟ್ಟಲನ್ನೂ ಕೊಡಬಾರದೆಂಬ ಸಲಹೆ ವೈದ್ಯಕೀಯ ಬರಹದಲ್ಲಿ ಬಂತು. ಇದು ಚಿಕಿತ್ಸೆಯ ಹೆಸರಿನ ಕ್ರೌರ್ಯ.

ಅದಕ್ಕಿಂತ ದೊಡ್ಡ ದುರಂತ 1957ರಲ್ಲಿ ಶುರುವಾಯಿತು. ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ದೆಯ ಮಾತ್ರೆ ಚೀಟಿಯಿಲ್ಲದೆ ಮಾರಾಟಕ್ಕೆ ಬಂತು. ಸುರಕ್ಷಿತವೆಂದು ನಂಬಿ ಬಸಿರಿಯರು ವಾಕರಿಕೆಗೂ ನುಂಗಿದರು. ಕೈಕಾಲು ಬೆಳೆಯದ 10,000ಕ್ಕೂ ಹೆಚ್ಚು ಮಕ್ಕಳು ಹುಟ್ಟಿದವು. 1961ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಮಾರಾಟ ನಿಂತಿತು. ಅಮೆರಿಕದಲ್ಲಿ ಔಷಧ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿ ಪುರಾವೆ ಸಾಲದೆಂದು ಪಟ್ಟುಹಿಡಿದು ಅನುಮತಿ ತಡೆದದ್ದರಿಂದ ಅಲ್ಲಿನ ಎಷ್ಟೋ ಮಕ್ಕಳು ಉಳಿದರು.

ಆ ಭಯ ಬಸಿರಿಯರನ್ನು ಮಾತ್ರೆಗಳಿಂದ ದೂರ ಮಾಡಿತು. ಕೆಲ ದಶಕಗಳ ನಂತರ ಸಂಶೋಧಕರು ಶುಂಠಿಯನ್ನೂ ಔಷಧದಂತೆಯೇ ಪರೀಕ್ಷೆಗೆ ಒಡ್ಡಿದರು. 1990ರ ಸುಮಾರಿಗೆ ಡೆನ್ಮಾರ್ಕ್‌ನಲ್ಲಿ ಅತಿವಾಂತಿಯ ಬಸಿರಿಯರ ಮೇಲೆ ಒಂದು ಪ್ರಯೋಗ ನಡೆಯಿತು. 2001ರಲ್ಲಿ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನ ಹೆಚ್ಚು ಸ್ಪಷ್ಟವಾಗಿತ್ತು. ನಾಲ್ಕು ದಿನ, ದಿನಕ್ಕೆ ಒಂದು ಗ್ರಾಂ ಶುಂಠಿ ಪುಡಿ ಪಡೆದ 32 ಮಂದಿಯಲ್ಲಿ 28 ಮಂದಿಗೆ ಗುಣ ಕಂಡಿತು. ಮದ್ದಿಲ್ಲದ ಹುಸಿಗುಳಿಗೆ ಪಡೆದ 35 ಮಂದಿಯಲ್ಲಿ ಹಾಗೆ ಹೇಳಿದವರು 10 ಮಂದಿ ಮಾತ್ರ. ಬಿ6 ಜೀವಸತ್ವವೂ ಇಂದು ವೈದ್ಯರು ಮೊದಲು ಕೊಡುವ ಮದ್ದುಗಳಲ್ಲಿ ಒಂದು.

ಕಾರಣದ ಸುಳಿವು ಸಿಕ್ಕಿದ್ದು ತೀರಾ ಈಚೆಗೆ. ಅತಿವಾಂತಿಯಿಂದ ತಾನೇ ಗರ್ಭ ಕಳೆದುಕೊಂಡಿದ್ದ ಅಮೆರಿಕದ ತಳಿವಿಜ್ಞಾನಿ ಮಾರ್ಲೀನಾ ಫೆಜ಼ೊ ಮತ್ತು ಕೇಂಬ್ರಿಜ್‌ನ ಸಂಶೋಧಕರು 2023ರಲ್ಲಿ ಜಿಡಿಎಫ್15 ಎಂಬ ಹಾರ್ಮೋನಿನತ್ತ ಬೆರಳು ಮಾಡಿದರು. ಬಸಿರಿನಲ್ಲಿ ಇದು ಹೆಚ್ಚಾಗಿ ಭ್ರೂಣದ ಕಡೆಯಿಂದಲೇ ಬರುತ್ತದೆ. ಮೊದಲಿನಿಂದ ಅದರ ಅಭ್ಯಾಸ ಕಡಿಮೆಯಿರುವ ತಾಯಿಗೆ ಕಾಟ ಜಾಸ್ತಿ. ಮನಸ್ಸಿನ ಮೇಲೆ ಹೊರಿಸಿದ ತಪ್ಪು ಸುಳ್ಳಾಯಿತು.

ಹಳೆಯ ಮನೆಮದ್ದು ಉಳಿದುಬಂದದ್ದು ಅದು ಊಟದ ಅಳತೆಯಲ್ಲೇ ಇದ್ದುದರಿಂದ. ಸಾಧಾರಣ ವಾಕರಿಕೆಗೆ ತಂಬುಳಿ, ಅರಳು, ಹುಳಿ ಇಂದಿಗೂ ಸಾಕು. ಶುಂಠಿಯನ್ನು ಪುಡಿಯಾಗಿ, ಮಾತ್ರೆಯಾಗಿ ತೆಗೆದುಕೊಳ್ಳುವವರು, ಅದರಲ್ಲೂ ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ವೈದ್ಯರನ್ನು ಮೊದಲು ಕೇಳಬೇಕು. ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ತೂಕ ಇಳಿಯುತ್ತಿದ್ದರೆ ಮನೆಯವರು "ಇದೆಲ್ಲ ಇದ್ದದ್ದೇ" ಎನ್ನದೆ ಅವಳನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಲಿ.