ಬಳ್ಳಿಗಾವಿಯೊಳಗೆ ನಿಂತ ಅಲ್ಲಮ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು ಎಂದು ಎಲ್ಲರೂ ಹೇಳುತ್ತೇವೆ. ಆದರೆ ಅಲ್ಲಮನ ಕಥೆ ಶುರುವಾದ ಕೂಡಲೇ ಊರು ಮಾಯವಾಗಿ ಪವಾಡವಷ್ಟೇ ಉಳಿಯುತ್ತದೆ.

ಹರಿಹರನ ರಗಳೆಯಲ್ಲಿ ಅವನು ಮದ್ದಳೆಗಾರ. ಶಾಪದಿಂದ ಭೂಮಿಗಿಳಿದ ಗಣನೇ ಹೌದು. ಆದರೂ ಕಮಲತೆ ತೀರಿಕೊಂಡಾಗ ನಮ್ಮ ನಿಮ್ಮಂತೆ ಕಂಗೆಟ್ಟು ಅಲೆಯುತ್ತಾನೆ. ಆಮೇಲೆ ನೆಲದಲ್ಲಿ ಹೂತುಹೋದ ಗುಡಿಯಲ್ಲಿ ಅನಿಮಿಷನನ್ನು ಕಾಣುತ್ತಾನೆ. ಹದಿನೈದನೆಯ ಶತಮಾನದ ಚಾಮರಸನಿಗೆ ಈ ದುಃಖ ಒಪ್ಪಿಗೆಯಾಗಲಿಲ್ಲ. 'ಪ್ರಭುಲಿಂಗಲೀಲೆ'ಯ ಅಲ್ಲಮನನ್ನು ಮಾಯೆ ಮುಟ್ಟುವುದೇ ಇಲ್ಲ.

ಯೇಸುವಿನ ಕಥೆಗೂ ಹೀಗೇ ಆಗಿತ್ತು. ಸುವಾರ್ತೆಗಳಲ್ಲಿ ಮೊದಲನೆಯದೆಂದು ವಿದ್ವಾಂಸರು ಎಣಿಸುವ ಮಾರ್ಕನದಕ್ಕಿಂತ ಕೊನೆಯ ಯೋಹಾನನದರಲ್ಲಿ ಯೇಸು ಹೆಚ್ಚು ದೈವಿಕ. ಅವನು ಯೆಹೂದಿಗಳ ನಡುವಿನ ಯೆಹೂದಿ ಎಂಬುದೇ ಮರೆತುಹೋಗಿ, ಆ ಜನರ ವೈರಿ ಎಂಬಂತೆ ಶತಮಾನಗಳ ಕಾಲ ಬೋಧನೆ ನಡೆಯಿತು. ಅದರ ಬೆಲೆಯನ್ನು ಯೆಹೂದಿಗಳು ರಕ್ತದಲ್ಲಿ ತೆತ್ತರು. 1973ರಲ್ಲಿ ಗೇಜಾ ವರ್ಮೆಶ್, 1985ರಲ್ಲಿ ಇ.ಪಿ. ಸ್ಯಾಂಡರ್ಸ್ ಅವನನ್ನು ಮತ್ತೆ ಗಲಿಲಾಯದ ಯೆಹೂದಿಗಳ ನಡುವೆ ನಿಲ್ಲಿಸಿ ಓದಿದರು. ಫರಿಸಾಯರ ಬಗ್ಗೆ ಎದುರಾಳಿಗಳು ಬರೆದದ್ದನ್ನೇ ನಂಬಬಾರದೆಂದು ತಿಳಿದದ್ದು ಇಂಥ ಓದಿನಿಂದ.

ನಮ್ಮಲ್ಲಿ ಫರಿಸಾಯರ ಜಾಗದಲ್ಲಿರುವವರು ಕಾಳಾಮುಖರು. ಹೆಸರು ಕೇಳಿದರೇ ಭಯ! ತಲೆಬುರುಡೆಯಲ್ಲಿ ಉಣ್ಣುವವರು, ಹೆಣದ ಬೂದಿ ಬಳಿದುಕೊಳ್ಳುವವರು ಎಂಬ ಚಿತ್ರ ಬಂದದ್ದು ರಾಮಾನುಜರ ಶ್ರೀಭಾಷ್ಯದಂಥ ಕಡೆಯಿಂದ, ಅಂದರೆ ವಾದದ ಎದುರಾಳಿಗಳಿಂದ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠ ಕಾಳಾಮುಖರದೇ. ಬಿಜ್ಜಳನ ಕಾಲದ, 1162ರ ಶಾಸನ ಆ ಮಠವನ್ನು ಬಣ್ಣಿಸುವ ರೀತಿಯೇ ಬೇರೆ: ನಾಲ್ಕು ವೇದ, ಹಲವು ವ್ಯಾಕರಣ, ನ್ಯಾಯ, ಸಾಂಖ್ಯ, ಬೌದ್ಧ ದರ್ಶನ, ಲಾಕುಳ ಸಿದ್ಧಾಂತ, ಯೋಗಶಾಸ್ತ್ರಗಳ ಪಾಠ, ದೀನರಿಗೆ, ಕುರುಡರಿಗೆ, ಕಿವುಡರಿಗೆ, ಬೇರೆ ಬೇರೆ ಪಂಥದ ಭಿಕ್ಷುಗಳಿಗೆ ಅನ್ನ, ರೋಗಿಗಳಿಗೆ ಔಷಧ. ದಾನಶಾಸನದಲ್ಲಿ ಹೊಗಳಿಕೆ ಇದ್ದೇ ಇರುತ್ತದೆ, ಒಂದಿಷ್ಟು ಕಳೆದೇ ಓದಬೇಕು. ಕಳೆದರೂ ಉಳಿಯುವುದು ಬುರುಡೆಯಲ್ಲ, ಪಾಠಶಾಲೆ ಮತ್ತು ಊಟದ ಪಂಕ್ತಿ.

ಆ ಶಾಸನದಲ್ಲಿ ಅಲ್ಲಮನ ಹೆಸರಿಲ್ಲ. ಆದರೆ ಅದು ಅವನ ಕಾಲದ್ದು, ಅವನ ಊರಿನದು. ಬಿ.ಎಲ್. ರೈಸ್ ಶಿಕಾರಿಪುರದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ, ಸೊರಬದವನ್ನು ಎಂಟನೆಯದರಲ್ಲಿ ಅಚ್ಚು ಹಾಕಿಸಿ ನೂರು ವರ್ಷ ದಾಟಿದೆ. ಎರಡೂ ತಾಲ್ಲೂಕಿನವರು ತಮ್ಮೂರಿನ ಪುಟವನ್ನಾದರೂ ತೆರೆದು ನೋಡಬಹುದು.

ಡಿ.ಆರ್. ನಾಗರಾಜ್ 'ಅಲ್ಲಮಪ್ರಭು ಮತ್ತು ಶೈವಪ್ರತಿಭೆ'ಯಲ್ಲಿ ಅಲ್ಲಮನನ್ನು ಶೈವ ಪಂಥಗಳ ವಾಗ್ವಾದದ ನಡುವೆಯೇ ಇಟ್ಟು ಓದಿದರು. ನನಗೆ ಸರಿಯೆನಿಸುವ ದಾರಿ ಅದು. ಗುಡಿ, ಯೋಗ, ಓದಿನ ಗರ್ವ ಇವುಗಳ ಮೇಲೆ ಅಲ್ಲಮ ಹರಿಹಾಯುವುದು ಹೊರಗಿನವನ ಸಿಟ್ಟಲ್ಲ, ಶೈವರ ಮನೆಯೊಳಗಿನ ಜಗಳ. ಕೋಡಿಯಮಠವನ್ನು ಕತ್ತಲೆ ಮಾಡಿಬಿಟ್ಟರೆ ಆ ಜಗಳದ ಅರ್ಧ ಮಾತು ನಮಗೆ ಕೇಳಿಸುವುದೇ ಇಲ್ಲ. ಹರಿಹರ ಹೇಳುವಂತೆ ಅವನು ಮದ್ದಳೆಗಾರನೇ ಆಗಿದ್ದರೆ, ಆ ಪಾಠಗಳು ಯಾವ ಕಂಬದ ಮರೆಯಿಂದ ಅವನ ಕಿವಿಗೆ ಬಿದ್ದಿರಬಹುದು?