ಮರದ ಚೌಕಟ್ಟಿನ ಮನೆಗಳ ಜೀರ್ಣೋದ್ಧಾರ ವಿಚಾರ

ಪುರಾತನ ಪಟ್ಟಣಗಳನ್ನು ಶೋಧಿಸುವವರು ಬಹುಮಟ್ಟಿಗೆ ಕೋಟೆ, ದೇವಾಲಯ, ಅರಮನೆಗಳಲ್ಲಿಯೇ ದೃಷ್ಟಿಯನ್ನಿಡುವರು. ಗೃಹಸ್ಥರ ಮನೆಗಳು ಅವರ ಗಣನೆಗೆ ಬರುವುದು ವಿರಳ. ಜರ್ಮನಿ ದೇಶದ ಹಾರ್ಟ್ಸ್ ಪರ್ವತದ ಉತ್ತರದ ತಪ್ಪಲಲ್ಲಿರುವ ಕ್ವೆಡ್ಲಿನ್‌ಬುರ್ಗ್ ಪಟ್ಟಣದಲ್ಲಿಯಾದರೋ ಅಂತಹ ಮನೆಗಳೇ ಪ್ರಧಾನವಾಗಿವೆ. ಮರದ ಚೌಕಟ್ಟಿನವು ಅಲ್ಲಿ ಸಾವಿರಕ್ಕೂ ಮಿಕ್ಕು ಉಳಿದಿರುತ್ತವೆ.

ಇವುಗಳಲ್ಲಿ ಭಾರವನ್ನು ಹೊರುವುದು ಗೋಡೆಯಲ್ಲ, ಮರ. ಅಡಿತೊಲೆಯ ಮೇಲೆ ಕಂಬಗಳನ್ನು ನಿಲ್ಲಿಸಿ, ಓರೆಮರಗಳಿಂದ ಬಿಗಿದು, ಸಂಧಿಗಳನ್ನು ಮರದ ಗೂಟಗಳಿಂದ ಬಂಧಿಸುವರು. ನಡುವಣ ತೆರಪುಗಳಲ್ಲಿ ಕಡ್ಡಿಗಳನ್ನು ಹೆಣೆದು ಹುಲ್ಲು ಬೆರಸಿದ ಮಣ್ಣನ್ನು ಮೆತ್ತುವರು. ಆದುದರಿಂದ ಕೆಟ್ಟ ತೊಲೆಯೊಂದನ್ನು ತೆಗೆದು ಮತ್ತೊಂದನ್ನು ಜೋಡಿಸುವುದು ಶಕ್ಯ. ಬೆಂಕಿಯಷ್ಟೇ ತೇವವೂ ಇವಕ್ಕೆ ಶತ್ರು. ಮಣ್ಣೂ ಸುಣ್ಣವೂ ಹೀರಿದ ನೀರನ್ನು ಹೊರಕ್ಕೆ ಬಿಡುವುವು. ಅವುಗಳ ಸ್ಥಾನದಲ್ಲಿ ಸಿಮೆಂಟನ್ನು ಬಳಿದರೆ ನೀರು ಒಳಗೇ ನಿಂತು ಮರವು ಕೊಳೆಯುವುದು. ರಕ್ಷಿಸಲೆಂದು ಹೊರಟವರೇ ಹೀಗೆ ಕೆಡಿಸಿದ ಮನೆಗಳುಂಟು.

ಆ ಪಟ್ಟಣದ ಒಂದು ಓಣಿಯಲ್ಲಿರುವ, ಈಗ ವಸ್ತುಸಂಗ್ರಹಾಲಯವಾಗಿರುವ ಮನೆಯು 1346-47ರ ಸುಮಾರಿನದೆಂದು ಮರದ ವಾರ್ಷಿಕ ವಲಯಗಳಿಂದ ನಿರ್ಣೀತವಾಗಿದೆ. ಶಿಲಾಶಾಸನವಿಲ್ಲದೆಡೆ ಮರವೇ ಶಾಸನವಾಯಿತು! ಎರಡನೆಯ ಮಹಾಯುದ್ಧದಲ್ಲಿ ಈ ಊರು ಹೆಚ್ಚಾಗಿ ಕೆಡಲಿಲ್ಲ. ಕೇಡು ಅನಂತರ, ಪೂರ್ವ ಜರ್ಮನಿಯ ಆಳ್ವಿಕೆಯಲ್ಲಿ ಬಂದಿತು. ದುರಸ್ತಿಗೆ ಸಾಧನಗಳು ಸಾಲದೆ ಮನೆಗಳು ಬಿದ್ದುವು, ಕೆಲವನ್ನು ಬೀಳಿಸಿಯೂ ಬಿಟ್ಟರು. 1990ರಲ್ಲಿ ಎರಡು ಜರ್ಮನಿಗಳೂ ಒಂದಾದವು. 1994ರಲ್ಲಿ ಊರು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು.

ಹಿಲ್ಡೆಸ್‌ಹೈಮಿನ ಸಂಗತಿಯೇ ಬೇರೆ. ಕಟುಕರ ಶ್ರೇಣಿಯವರು 1529ರಲ್ಲಿ ಅಲ್ಲಿನ ಪೇಟೆಯ ಚೌಕದಲ್ಲಿ ಕಟ್ಟಿಸಿದ ಭವ್ಯಭವನವು 1945ನೆಯ ಮಾರ್ಚಿ 22ರ ವಿಮಾನದಾಳಿಗೆ ಸಿಕ್ಕಿ ಸುಟ್ಟುಹೋಯಿತು. ಆ ನೆಲದಲ್ಲಿ ತರುವಾಯ ಎದ್ದ ಹೋಟೆಲನ್ನು ಕೆಡಹಿ, 1987-89ರಲ್ಲಿ ಪೂರ್ವದ ಆಕಾರದಲ್ಲಿಯೇ ಓಕ್ ಮರದಿಂದ ಮತ್ತೆ ಕಟ್ಟಿದರು. ಇದು ಜೀರ್ಣೋದ್ಧಾರವೋ, ನೂತನ ನಿರ್ಮಾಣವೋ?

ಅವಯವವು ನಾಶವಾದರೆ ಹಳೆಯ ಅವಯವಿಯೂ ನಾಶವಾಗಿ ಬೇರೊಂದು ಹುಟ್ಟುವುದೆಂದು ನೈಯಾಯಿಕರು ಹೇಳುವರು. ಅದರಂತೆ ಹೋದರೆ ಒಂದೇ ತೊಲೆಯನ್ನು ಬದಲಿಸಿದ ಕ್ವೆಡ್ಲಿನ್‌ಬುರ್ಗಿನ ಮನೆಯೂ ಹೊಸದೇ ಆಗಬೇಕಾದೀತು. ಇಷ್ಟು ಕಠಿನವಾದ ನ್ಯಾಯವು ಇತಿಹಾಸಕ್ಕೆ ಒಗ್ಗದು. ಇತಿಹಾಸಕ್ಕೆ ಬೇಕಾದುದು ಸಾಕ್ಷ್ಯ. ಆ ಮನೆಯಲ್ಲಿ ಉಳಿದ ತೊಲೆಗಳು ವಲಯಗಳ ಮೂಲಕ ತಮ್ಮ ಕಾಲವನ್ನೂ, ಮೈಮೇಲಿನ ಗುರುತುಗಳ ಮೂಲಕ ಬಡಗಿಯ ಕ್ರಮವನ್ನೂ ಇನ್ನೂ ನುಡಿಯಬಲ್ಲವು. ಶ್ರೇಣಿಯ ಭವನದಿಂದ ಪೇಟೆಯ ಚೌಕಕ್ಕೆ ಹಳೆಯ ರೂಪವೂ, ಬಡಗಿಗಳಿಗೆ ಹಳೆಯ ಕೈಕೆಲಸದ ಅಭ್ಯಾಸವೂ ಬಂದಿರುವುವು, ಇದು ಅಲ್ಪಲಾಭವಲ್ಲ. ಅದರ ಮರವಾದರೋ ಇಪ್ಪತ್ತನೆಯ ಶತಮಾನವನ್ನೇ ಹೇಳುವುದು.