ಕಾಕ್ಲಿಯರ್ ಇಂಪ್ಲಾಂಟೂ ಆಟದ ಬಯಲೂ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮಕ್ಕಳಿಗೆ ಕಬಡ್ಡಿಯ ಅಂಕಣವೂ ಗರಡಿಯ ಮಟ್ಟಿಯೂ ಚಿರಪರಿಚಿತ. ಕಿವಿ ಕೇಳದ ಮಗುವು ಇವುಗಳಿಂದ ಹೊರಗುಳಿಯಬೇಕೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ನೆರೆಯ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪಿತವಾಯಿತು. 1978ರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕರು ರೂಪಿಸಿದ ಕಾಕ್ಲಿಯರ್ ಇಂಪ್ಲಾಂಟಿನ ಪರಂಪರೆಯು ಇಂದು ನಮ್ಮ ಮಕ್ಕಳಿಗೂ ಎಟುಕಿದೆ. ಅದರ ಒಳಭಾಗವು ಕಿವಿಯ ಹಿಂದೆ ಚರ್ಮದಡಿಯಲ್ಲಿರುವುದು. ತಲೆಗೆ ಬಿದ್ದ ಪೆಟ್ಟು ಅದನ್ನು ಕೆಡಿಸಬಹುದು. ಹೊರಭಾಗವನ್ನು ಕಳಚಿಟ್ಟರೆ ಮಗುವಿಗೆ ಶಿಳ್ಳೆ ಕೇಳದು.

1924ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಕಿವುಡರ ಕ್ರೀಡಾಕೂಟವೇ ಇಂದಿನ ಡೆಫ್ಲಿಂಪಿಕ್ಸ್. ಅಲ್ಲಿ ಸ್ಪರ್ಧಾಕಾಲದಲ್ಲಿ ಶ್ರವಣಸಾಧನಗಳು ನಿಷಿದ್ಧ; ಓಟಕ್ಕೆ ಬೆಳಕೇ ಸಂಕೇತ.

ಆದುದರಿಂದ ವೈದ್ಯರ ಸಲಹೆಯಂತೆ ಕುಸ್ತಿಯನ್ನು ಬಿಡಿಸುವುದು ಯುಕ್ತ. ಬಯಲನ್ನೇ ಬಿಡಿಸುವುದು ಯುಕ್ತವಲ್ಲ. ಶಿಕ್ಷಕರ ಕೈಯ ಬಾವುಟವು ಶಿಳ್ಳೆಯ ಕಾರ್ಯವನ್ನು ನೆರವೇರಿಸಬಲ್ಲುದೆಂದು ನಾವು ಭಾವಿಸುತ್ತೇವೆ.